ಕೇಳದೆ ಬೆಳ್ಳಗೆ ಮಾಡಬೇಡಿ

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗ ಫೋಟೋಗ್ರಾಫರ್‌ಗಳೂ ಅವರ ಮನೆಯವರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಖದ ಫೋಟೋಗೆ ಎಷ್ಟು ಟಚಪ್ ಮಾಡಿದರೆ ಜಾಸ್ತಿಯಾಯಿತು ಎನ್ನುವುದು ಇವತ್ತು ನನಗೆ ಕೊಟ್ಟ ವಿಷಯ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಿರಾರ್, ಡೊಂಬಿವಲಿ ಕಡೆಯವರು ಲೋಕಲ್ ರೈಲು ಹಿಡಿಯಲು ಮಧ್ಯದಲ್ಲೇ ಎದ್ದು ಹೋಗಬೇಕಾದರೆ ಅವರಿಗೂ ಸಿಗಲಿ.

ಮೊಡವೆ ತೆಗೆಯಿರಿ, ಯಾರನ್ನೂ ಕೇಳಬೇಕಾಗಿಲ್ಲ. ಮಚ್ಚೆ ತೆಗೆಯುವ ಮೊದಲು ಕೇಳಿ. ಮೂಗು, ದವಡೆ, ಸೊಂಟದ ಆಕಾರಕ್ಕೆ ಕೈ ಹಾಕಬೇಡಿ. ಮೈಬಣ್ಣವನ್ನಂತೂ ನೀವಾಗಿಯೇ ಯಾವತ್ತೂ ಬದಲಾಯಿಸಬೇಡಿ. ನನ್ನ ಮಾತು ಇಷ್ಟೇ. ಉಳಿದ ಹೊತ್ತು ಇದು ಯಾಕೆ ಹೀಗೆ ಅಂತ ಜಗಳ ಆಡೋಣ.

ಮೊದಲು ಒಂದು ಭ್ರಮೆ ಬಿಡಬೇಕು. "ನಮ್ಮ ಕಾಲದಲ್ಲಿ ಫೋಟೋ ಅಂದ್ರೆ ಫೋಟೋ, ಇದ್ದದ್ದು ಇದ್ದ ಹಾಗೆ ಬರ್ತಿತ್ತು" ಅಂತ ಹಿರಿಯರು ಹೇಳುತ್ತಾರೆ. ಹಾಗೇನೂ ಇರಲಿಲ್ಲ. ಜರ್ಮನಿಯ ಮ್ಯೂನಿಕ್‌ನ ಫ್ರಾನ್ಸ್ ಹಾನ್ಫ್‌ಸ್ಟೇಂಗಲ್ ಎಂಬ ಫೋಟೋಗ್ರಾಫರ್ 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದೇ ನೆಗೆಟಿವ್‌ನ ಎರಡು ಪ್ರಿಂಟ್ ಇಟ್ಟಿದ್ದರು. ಒಂದು ತಿದ್ದುವ ಮೊದಲಿನದು, ಇನ್ನೊಂದು ತಿದ್ದಿದ ಮೇಲಿನದು. ನಮ್ಮ ಬೊಂಬಾಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾದದ್ದು 1854ರಲ್ಲಿ. ಅಂದರೆ ಈ ಊರಿನವರು ಕ್ಯಾಮೆರಾ ಹಿಡಿದು ಸಂಘ ಕಟ್ಟುವ ಹೊತ್ತಿಗೇ ಅತ್ತ ಟಚಪ್ ಕೂಡ ಶುರುವಾಗಿತ್ತು. ಫೋಟೋ ಮೊದಲು, ಟಚಪ್ ಆಮೇಲೆ ಬಂದ ರೋಗ ಅನ್ನುವ ಹಾಗಿಲ್ಲ. ಹೆಚ್ಚುಕಡಿಮೆ ಜೊತೆಗೇ ಬೆಳೆದವು.

ಆಗ ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ಗಾಜಿನ ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ. ಪ್ರಿಂಟ್‌ನಲ್ಲಿ ಕಪ್ಪಾಗಿ ಕಾಣುವ ಸುಕ್ಕು ನೆಗೆಟಿವ್‌ನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಇರುತ್ತದೆ. ಆ ತೆಳು ಗೆರೆಯ ಮೇಲೆ ಚೂಪು ಪೆನ್ಸಿಲ್‌ನಿಂದ ಸಣ್ಣ ಸಣ್ಣ ಚುಕ್ಕೆ ಇಟ್ಟರೆ ಅಲ್ಲಿ ಬೆಳಕು ಕಡಿಮೆ ದಾಟುತ್ತದೆ, ಪ್ರಿಂಟ್‌ನಲ್ಲಿ ಸುಕ್ಕು ಮಾಸುತ್ತದೆ. ಪೆನ್ಸಿಲ್ ಹಿಡಿಯಲಿ ಅಂತ ಮೊದಲೇ ಒಂದು ಬಗೆಯ ವಾರ್ನಿಶ್ ಸವರುತ್ತಿದ್ದರು. ಇಳಿಜಾರು ಮೇಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ನೆಗೆಟಿವ್‌ನಲ್ಲಿ ಕಪ್ಪು ಜಾಸ್ತಿಯಾದ ಕಡೆ ಚಾಕುವಿನ ತುದಿಯಿಂದ ಹೆರೆಯುತ್ತಿದ್ದರು. ಕೈ ತಪ್ಪಿದರೆ 'ಅನ್‌ಡೂ' ಇಲ್ಲ!

ಹಾಗೆ ಮಾಡಿದ್ದೆಲ್ಲ ಸುಳ್ಳು ಅನ್ನಬೇಡಿ. ಆ ಕಾಲದಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಅದರ ಪಾಲಿಗೆ ಕತ್ತಲೆ. ಹಾಗಾಗಿ ಮುಖದ ಮೇಲಿನ ಕೆಂಪು ಕಲೆ, ಕಂದು ಚುಕ್ಕೆ ಎಲ್ಲ ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿ ಬರುತ್ತಿದ್ದವು. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟ್ ಮಾರಾಟಕ್ಕೆ ಬಂದದ್ದು 1906ರಲ್ಲಿ. ಅಲ್ಲಿಯವರೆಗಿನ ಪೆನ್ಸಿಲ್ ಕೆಲಸದಲ್ಲಿ ಒಂದು ಪಾಲು ಪ್ಲೇಟ್ ಮಾಡಿದ ಅನ್ಯಾಯವನ್ನು ಸರಿಪಡಿಸುವ ಕೆಲಸವೇ ಆಗಿತ್ತು. ಇನ್ನೊಂದು ಮಾತು ಕೇಳಿ. ನಮ್ಮಂಥ ಕಂದು ಮೈಬಣ್ಣ ಕೆಂಪು ಬೆಳಕನ್ನು ಜಾಸ್ತಿ, ನೀಲಿಯನ್ನು ಕಡಿಮೆ ಹಿಂದಕ್ಕೆ ಕಳಿಸುತ್ತದೆ. ಆ ಪ್ಲೇಟ್‌ಗಳಲ್ಲಿ ನಮ್ಮ ಮುತ್ತಜ್ಜ ಮುತ್ತಜ್ಜಿಯರು ಇದ್ದದ್ದಕ್ಕಿಂತ ಕಪ್ಪಾಗಿ ಬಂದಿದ್ದಾರೆ. ಹಳೇ ಫೋಟೋ ನೋಡಿ "ನಮ್ಮಜ್ಜ ಎಷ್ಟು ಕಪ್ಪಗಿದ್ರಲ್ಲ" ಅನ್ನುವ ಮೊದಲು ಇದು ನೆನಪಿರಲಿ.

ಭಾರತದಲ್ಲಿ ಈ ಕತೆ ಇನ್ನೂ ರಂಗಾಗಿತ್ತು. ಹೆಸರಾಂತ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ಬೊಂಬಾಯಿಯಲ್ಲಿ ಸ್ಟುಡಿಯೋ ತೆರೆದದ್ದು 1896ರಲ್ಲಿ. ಆ ಕಾಲದ ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ಕಪ್ಪುಬಿಳುಪು ಪ್ರಿಂಟ್ ಮೇಲೆ ಬಣ್ಣ ಹಚ್ಚುವ ಚಿತ್ರಗಾರರು ಇರುತ್ತಿದ್ದರು. ಪೇಟದ ಕೆಂಪು, ಮುತ್ತಿನ ಹಾರ, ಕೆಳಗೆ ಹಾಸಿದ ಜಮಖಾನೆ ಎಲ್ಲ ಕುಂಚದಿಂದ. ರಾಜಸ್ಥಾನದ ನಾಥದ್ವಾರದಲ್ಲಂತೂ ಯಾತ್ರಿಕರ ಮುಖವನ್ನು ಮಾತ್ರ ಫೋಟೋದಿಂದ ಕತ್ತರಿಸಿ ಅಂಟಿಸಿ, ಅಲ್ಲಿನ ಕೃಷ್ಣ ದೇವರು ಶ್ರೀನಾಥಜಿಯ ಮುಂದೆ ಕೈಮುಗಿದು ನಿಂತ ಮೈಯನ್ನು ಬಣ್ಣದಲ್ಲಿ ಬರೆಯುತ್ತಿದ್ದರು. ಇದೇ ಮುಂಬಯಿಯ ರಸ್ತೆಗಳಲ್ಲಿ ಸಿನಿಮಾದ ದೊಡ್ಡ ದೊಡ್ಡ ಹೋರ್ಡಿಂಗ್‌ಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಚಿತ್ರಕಲಾವಿದ ಎಂ.ಎಫ್. ಹುಸೇನ್ ಹೊಟ್ಟೆಪಾಡಿಗೆ ಮೊದಲು ಮಾಡಿದ್ದು ಅದೇ ಕೆಲಸ. ನಾಯಕನ ಕೆನ್ನೆ ಗುಲಾಬಿ, ಖಳನ ಕೆನ್ನೆ ಹಸಿರು. ಯಾರೂ ಮೋಸ ಹೋಗಲಿಲ್ಲ. ಅದು ಬಣ್ಣ ಅಂತ ಮಗುವಿಗೂ ಗೊತ್ತಿತ್ತು.

ಬಣ್ಣ ಹಚ್ಚಿದ ಕೈ ಕಾಣುವವರೆಗೆ ನನಗೆ ತಕರಾರಿಲ್ಲ. ಕೈ ಕಾಣದ ಹಾಗೆ ಹಚ್ಚಿ, "ಇದು ನಿಮ್ಮದೇ ಮುಖ" ಅಂತ ಕೊಡುತ್ತೇವಲ್ಲ, ತಕರಾರು ಅಲ್ಲಿ.

ಕ್ಯಾಮೆರಾ ಮಾತ್ರ ಸತ್ಯಹರಿಶ್ಚಂದ್ರನೇ? ಅದೂ ಅಲ್ಲ. ಫೋನನ್ನು ಒಂದಡಿ ದೂರ ಹಿಡಿದು ಸೆಲ್ಫಿ ತೆಗೆದರೆ, ಐದಡಿ ದೂರದಿಂದ ತೆಗೆದದ್ದಕ್ಕಿಂತ ಮೂಗಿನ ಬುಡ ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ಸೆಲ್ಫಿ ಹಿಡಿದುಕೊಂಡು ಮೂಗು ಸಣ್ಣ ಮಾಡಿ ಅಂತ ಬರುವವರು ಜಾಸ್ತಿಯಾದ್ದರಿಂದ ಈ ಲೆಕ್ಕ ಬೇಕಾಯಿತು. ಮೂಗಿನಲ್ಲಿ ತಪ್ಪಿಲ್ಲ, ದೂರದಲ್ಲಿ ತಪ್ಪು. ನಾವು ದೂರದಿಂದಲೂ ಮುಖವನ್ನು ದೊಡ್ಡದಾಗಿ ಹಿಡಿಯುವ 85 ಎಂಎಂ ಲೆನ್ಸ್ ಹಾಕಿ ಐದಾರು ಅಡಿ ಹಿಂದೆ ನಿಲ್ಲುವುದು ಇದಕ್ಕೇ. ಒಬ್ಬರ ಮೂಗನ್ನು ಕಂಪ್ಯೂಟರ್‌ನಲ್ಲಿ ಸಣ್ಣ ಮಾಡುವ ಮೊದಲು ನೀವು ಎಲ್ಲಿ ನಿಂತು ತೆಗೆದಿರಿ ಅಂತ ನೋಡಿಕೊಳ್ಳಿ. ಅರ್ಧ ಟಚಪ್ ಕೆಲಸ ಅಲ್ಲೇ ಉಳಿತಾಯವಾಗುತ್ತದೆ.

ಈಗ ಕಂಪ್ಯೂಟರ್ ಮುಂದೆ ಕೂರೋಣ. ಫೋಟೋಶಾಪ್ ಮೊದಲು ಬಂದದ್ದು 1990ರಲ್ಲಿ. ಮುಖದ ಕೆಲಸವನ್ನು ನಿಜವಾಗಿ ಬದಲಿಸಿದ್ದು 2002ರಲ್ಲಿ ಬಂದ ಹೀಲಿಂಗ್ ಬ್ರಷ್. ಅದಕ್ಕೂ ಮೊದಲಿನ ಕ್ಲೋನ್ ಸ್ಟ್ಯಾಂಪ್ ಒಂದು ಕಡೆಯ ಚರ್ಮವನ್ನು ಎತ್ತಿ ಇನ್ನೊಂದು ಕಡೆ ಅಂಟಿಸುತ್ತಿತ್ತು, ತೇಪೆ ಕಾಣುತ್ತಿತ್ತು. ಹೀಲಿಂಗ್ ಬ್ರಷ್ ಚರ್ಮದ ನೇಯ್ಗೆಯನ್ನು ಒಂದು ಕಡೆಯಿಂದ ತಂದು, ಬಣ್ಣ ಮತ್ತು ಬೆಳಕನ್ನು ಅಂಟಿಸುವ ಜಾಗಕ್ಕೆ ಹೊಂದಿಸುತ್ತದೆ. ತೇಪೆ ಮಾಯ. ಇಷ್ಟು ಸುಲಭವಾದ ಮೇಲೆ ಕೈ ನಿಲ್ಲುವುದಿಲ್ಲ. ಒಂದು ಮೊಡವೆ ತೆಗೆದವರು ಪಕ್ಕದ ರಂಧ್ರವನ್ನೂ ಮುಚ್ಚುತ್ತಾರೆ, ಅದರ ಪಕ್ಕದ್ದನ್ನೂ.

ಕೈ ನಿಲ್ಲದಿರುವುದಕ್ಕೆ ಇನ್ನೊಂದು ಕಾರಣ ಝೂಮ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಂದರೆ 6000 ಚುಕ್ಕೆ ಅಡ್ಡ, 4000 ಚುಕ್ಕೆ ಉದ್ದ. ಇಂಚಿಗೆ 300 ಚುಕ್ಕೆಯ ಹಾಗೆ ಪ್ರಿಂಟ್ ಹಾಕಿದರೆ 20 ಇಂಚು ಅಗಲ ಬರುತ್ತದೆ. ಅದನ್ನು 300% ಝೂಮ್ ಮಾಡಿಕೊಂಡು ಕೂತರೆ ಕೆನ್ನೆಯ ಒಂದೊಂದು ರೋಮವೂ ಎದ್ದು ಕಾಣುತ್ತದೆ. ಹೆಂಡತಿಯೂ ಡಾಕ್ಟರೂ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರುವುದಿಲ್ಲ. ಆಮೇಲೆ ಆ ಫೋಟೋ ಹೋಗುವುದು ಎಲ್ಲಿಗೆ? ವಾಟ್ಸಾಪ್‌ಗೆ. ನಾನು ಹುಡುಗರಿಗೆ ಹೇಳುವುದು ಒಂದೇ: ಪ್ರಿಂಟ್ ಎಷ್ಟು ದೊಡ್ಡದೋ ಅಷ್ಟಕ್ಕೆ ಇಟ್ಟು ನೋಡು, ಆಗಲೂ ಕಣ್ಣಿಗೆ ಚುಚ್ಚಿದರೆ ಮಾತ್ರ ತೆಗೆ.

ಚರ್ಮ ಪ್ಲಾಸ್ಟಿಕ್ ಆಗುವುದು ಹೇಗೆ ಅಂತ ತೋರಿಸಿದೆನಲ್ಲ, ಅದನ್ನು ಇಲ್ಲಿ ಬರೆಯುತ್ತೇನೆ. ಫ್ರೀಕ್ವೆನ್ಸಿ ಸೆಪರೇಶನ್ ಅಂತ ಒಂದು ವಿಧಾನ. ಚಿತ್ರವನ್ನು ಎರಡು ಲೇಯರ್, ಅಂದರೆ ಒಂದರ ಮೇಲೊಂದು ಕೂರುವ ಪದರ, ಮಾಡುತ್ತೇವೆ. ಮೇಲಿನದರಲ್ಲಿ ರಂಧ್ರ, ರೋಮ, ಸಣ್ಣ ಗೆರೆ. ಕೆಳಗಿನದರಲ್ಲಿ ಬಣ್ಣ, ನೆರಳು, ಬೆಳಕು. ಕೆಳಗಿನದನ್ನು ಮಸುಕು ಮಾಡಿದರೆ ಚರ್ಮದ ನೇಯ್ಗೆ ಹಾಗೇ ಉಳಿದು ಕಲೆ ಮಾತ್ರ ಕರಗುತ್ತದೆ. ಜಾಣ ಉಪಾಯ. ಆದರೆ ಮುಖದ ಮೂಳೆ ಇರುವುದೂ ಆ ಕೆಳಗಿನ ಲೇಯರ್‌ನಲ್ಲೇ. ಕೆನ್ನೆಮೂಳೆಯ ಕೆಳಗಿನ ನೆರಳು, ಮೂಗಿನ ಪಕ್ಕದ ತಗ್ಗು, ತುಟಿಯ ಕೆಳಗಿನ ಗುಳಿ ಎಲ್ಲ ನೆರಳೇ. ಕಲೆಯ ಜೊತೆ ಅವೂ ಹೋಗುತ್ತವೆ. ರಂಧ್ರಗಳು ಇದ್ದರೂ ಮುಖ ಇಸ್ತ್ರಿ ಮಾಡಿದ ಹಾಗೆ ಕಾಣುತ್ತದೆ. ಅದಕ್ಕೇ ಕಣ್ಣಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನಂತ ಹೇಳಲು ಬರುವುದಿಲ್ಲ.

ಒಂದು ಮುಖವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದ ಹಿರಿಯರು, ಕುಂದಾಪುರದ ಕಡೆಯವರು. ಅರವತ್ತರ ಶಾಂತಿಗೆ ಫೋಟೋ ಬೇಕು ಅಂತ ಮಗಳು ಕರೆದುಕೊಂಡು ಬಂದಿದ್ದಳು. ಹಣೆ ಮಿಂಚುತ್ತಿತ್ತು. ಮೂಗಿನ ಎರಡೂ ಕಡೆ ಕನ್ನಡಕ ಕೂತ ಗುಳಿ. ಗದ್ದದ ಮೇಲೆ ಅವತ್ತೇ ಬೆಳಿಗ್ಗೆ ಬ್ಲೇಡ್ ತಾಗಿದ ಗೀರು. ಬಲ ಕೆನ್ನೆಯ ಕೆಳಗೆ ಎಣ್ಣೆ ಸಿಡಿದ ಹಳೇ ಚುಕ್ಕೆಗಳು. ಕಣ್ಣಿನ ಕೆಳಗೆ ಗಾಢ ನೆರಳು.

ಇದರಲ್ಲಿ ಯಾವುದು ತೆಗೆಯಬೇಕು? ಹಣೆಯ ಮಿಂಚು ನನ್ನ ಲೈಟಿನದು, ಅದನ್ನು ಇಳಿಸಿದೆ. ಕಣ್ಣಿನ ಕೆಳಗಿನ ನೆರಳಿನಲ್ಲಿ ಅರ್ಧ ಅವರ ವಯಸ್ಸಿನದು, ಅರ್ಧ ಮೇಲಿನಿಂದ ಬಿದ್ದ ನನ್ನ ಬೆಳಕಿನದು. ನನ್ನ ಅರ್ಧವನ್ನು ಮಾತ್ರ ತೆಗೆದೆ. ಬ್ಲೇಡಿನ ಗೀರು ನಾಲ್ಕು ದಿನದಲ್ಲಿ ಮಾಯುವಂಥದ್ದು, ಹೋಯಿತು. ಕನ್ನಡಕದ ಗುಳಿ ಇರಲಿ ಬಿಟ್ಟೆ, ಕನ್ನಡಕ ತೆಗೆದು ಕೂತವರ ಗುರುತೇ ಅದು. ಉಳಿದದ್ದು ಎಣ್ಣೆಯ ಚುಕ್ಕೆ. ಮಗಳು "ಅದನ್ನೆಲ್ಲ ತೆಗೆದುಬಿಡಿ ಅಣ್ಣ" ಅಂದಳು. ನಾನು ಅಪ್ಪನನ್ನೇ ಕೇಳಿದೆ. ಅವರು ಸ್ಕ್ರೀನ್ ಹತ್ತಿರ ಬಗ್ಗಿ ನೋಡಿ, "ಅದೆಲ್ಲ ಇರ್ಲಿ ಮಾರಾಯ್ರೆ. ಹೊಟ್ಟೆ ಸ್ವಲ್ಪ ಒಳಗೆ ಹೋಗ್ತದಾ ನೋಡಿ" ಅಂದರು.

ನಾವು ಊಹಿಸುವುದು ಒಂದು, ಅವರಿಗೆ ಬೇಕಾದದ್ದು ಇನ್ನೊಂದು. ಹೊಟ್ಟೆಯನ್ನು ನಾನು ಕಂಪ್ಯೂಟರ್‌ನಲ್ಲಿ ತಳ್ಳಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ಓರೆಯಾಗಿ ಕೂರಿಸಿ, ಶಾಲು ಹೊದಿಸಿ, ಇನ್ನೊಂದು ತೆಗೆದೆ. ಹೊಟ್ಟೆ ಒಳಗೆ ಹೋಯಿತು, ಅವರು ಅವರೇ ಆಗಿ ಉಳಿದರು.

ರೀಟಚಿಂಗ್ ಮಾಡುವವರ ನಡುವೆ ಒಂದು ಹಳೇ ರೂಢಿ ಇದೆ. ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗೆಯಬಹುದು, ಹೋಗದೇ ಇರುವುದನ್ನು ಬಿಡಬೇಕು. ಒಳ್ಳೇ ಅಳತೆಗೋಲು. ಆದರೆ ಪೂರ್ತಿ ಅಲ್ಲ. ಕೆಲವರಿಗೆ ಮುಖದ ಗಾಯದ ಗುರುತು ನೋಡಿದರೆ ಆ ಅಪಘಾತದ ದಿನ ಕಣ್ಣಿಗೆ ಕಟ್ಟುತ್ತದೆ. ಅವರೇ ಬಾಯಿಬಿಟ್ಟು ತೆಗೆಯಿರಿ ಅಂದರೆ ನಾನು ಅಳತೆಗೋಲು ಪಕ್ಕಕ್ಕಿಟ್ಟು ತೆಗೆಯುತ್ತೇನೆ. ಅವರ ಮುಖ, ಅವರ ಮಾತು. ಕೇಳದೆ ತೆಗೆದರೆ ಮಾತ್ರ, "ನಿಮ್ಮ ಮುಖದಲ್ಲಿ ಇದು ಇರಬಾರದಿತ್ತು" ಅಂತ ಹೇಳಿದ ಹಾಗೆ.

ಈಗ ಮೈಬಣ್ಣ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿಯೇ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಮದುವೆ ಆಲ್ಬಂ ಒಂದನ್ನು ತೆರೆಯಿರಿ. 12×36 ಇಂಚಿನ ಕರಿಜ್ಮಾ ಆಲ್ಬಂ, ಮದುಮಗಳು ಪೂರ್ತಿ ಪುಟ ತುಂಬಿದ್ದಾಳೆ. ಮುಖ ನೋಡಬೇಡಿ, ಕೈ ನೋಡಿ. ಮದರಂಗಿ ಹಚ್ಚಿದ ಕೈ ಒಬ್ಬರದು, ಮುಖ ಇನ್ನೊಬ್ಬರದು! ಕಿವಿಯ ಹಿಂದೆ, ಕತ್ತಿನ ಪಕ್ಕ ಬಣ್ಣ ಬದಲಾಗುವ ಗಡಿ ಕಾಣುತ್ತದೆ. ಮೇಕಪ್ ಒಂದು ಪಾಲು ಇರಬಹುದು. ಉಳಿದದ್ದು ನಮ್ಮದು. ಯಾರು ಹೇಳಿದ್ದರು ಬೆಳ್ಳಗೆ ಮಾಡಿ ಅಂತ? ಎಷ್ಟೋ ಸಲ ಯಾರೂ ಹೇಳಿರುವುದಿಲ್ಲ. ಸುಮ್ನೆ ಮಾಡಿರುತ್ತೇವೆ. ಪ್ರೀಸೆಟ್‌ನಲ್ಲೇ, ಅಂದರೆ ಎಲ್ಲ ಫೋಟೋಗೂ ಹಾಕಲು ಮೊದಲೇ ಮಾಡಿಟ್ಟ ಸೆಟ್ಟಿಂಗ್‌ನಲ್ಲೇ, ಇರುತ್ತದೆ.

ಆ ಪ್ರೀಸೆಟ್ ಮಾಡುವುದು ಏನು ಅಂತ ಗೊತ್ತಲ್ವಾ? ನಮ್ಮ ಚರ್ಮದ ಬಣ್ಣ ಸಾಫ್ಟ್‌ವೇರ್ ಲೆಕ್ಕದಲ್ಲಿ ಕೇಸರಿಯ ಖಾನೆಗೆ ಬೀಳುತ್ತದೆ. ಆ ಬಣ್ಣದ ಹೊಳಪು ಏರಿಸುವ ಆರೆಂಜ್ ಲ್ಯೂಮಿನನ್ಸ್ ಸ್ಲೈಡರನ್ನು ಬಲಕ್ಕೆ ತಳ್ಳಿದರೆ ಮುಖ ಬೆಳ್ಳಗಾಗುತ್ತದೆ. ನೂರಾರು ಫೋಟೋಗೆ ಒಂದೇ ಏಟಿಗೆ. ಆದರೆ ಚಿನ್ನವೂ ಅದರ ಅಕ್ಕಪಕ್ಕದ ಖಾನೆಯಲ್ಲೇ ಇದೆ. ಅರಿಶಿನದ ದಾರವೂ, ಮಂಟಪದ ಚೆಂಡುಹೂವೂ. ಎಲ್ಲ ಪೇಲವ. ಮನೆಯವರು ಅಷ್ಟು ಖರ್ಚು ಮಾಡಿ ಮಾಡಿಸಿದ ಅವಲಕ್ಕಿ ಸರ ಆಲ್ಬಂನಲ್ಲಿ ಹಿತ್ತಾಳೆಯಾಗಿ ಕೂತಿರುತ್ತದೆ. ಬಣ್ಣಕ್ಕೆ ಬೇಜಾರಾಗದವರು ಚಿನ್ನಕ್ಕಾದರೂ ಜಗಳ ಮಾಡಬೇಕಿತ್ತು.

ಇಲ್ಲಿ ಎಕ್ಸ್‌ಪೋಶರ್, ಅಂದರೆ ಫೋಟೋಗೆ ಬಿದ್ದ ಬೆಳಕು, ಸರಿ ಮಾಡುವುದು ಬೇರೆ, ಮೈಬಣ್ಣ ತಿಳಿ ಮಾಡುವುದು ಬೇರೆ. ಇದನ್ನು ಕಲೆಸಬೇಡಿ. ಕ್ಯಾಮೆರಾದ ಬೆಳಕಳೆಯುವ ಮೀಟರ್ ಎದುರಿಗಿರುವುದೆಲ್ಲ ಸರಾಸರಿ ಬೂದು ಅಂದುಕೊಂಡು ಲೆಕ್ಕ ಹಾಕುತ್ತದೆ. ಮದುಮಗ ಬಿಳಿ ಪಂಚೆ, ಬಿಳಿ ಶಾಲು, ಹಿಂದೆ ಬಿಳಿ ಹೂವಿನ ಗೋಡೆ. ಮೀಟರ್ ಬೆಳಕು ಜಾಸ್ತಿಯಾಯಿತು ಅಂತ ಹೆದರಿ ಕಡಿಮೆ ಮಾಡುತ್ತದೆ, ಮುಖ ಕತ್ತಲೆಗೆ ಬೀಳುತ್ತದೆ. ಅದನ್ನು ಎತ್ತುವುದು ನಮ್ಮ ಕರ್ತವ್ಯ. ಎಲ್ಲಿಯವರೆಗೆ ಎತ್ತಬೇಕು? ನಾನು ಮಲ್ಲಿಗೆ ನೋಡುತ್ತೇನೆ. ನಮ್ಮ ಕಡೆಯ ಮದುವೆ ಅಂದರೆ ಜಡೆಗೆ ಶಂಕರಪುರ ಮಲ್ಲಿಗೆ ಊರಿಂದ ಮುಂಬಯಿಗೂ ಬರುತ್ತದೆ. ಜಡೆಯ ಮೇಲೆ ಒಂದೊಂದು ಮೊಗ್ಗೂ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಬೆಳಕು ಸರಿ. ಮೊಗ್ಗುಗಳೆಲ್ಲ ಕರಗಿ ಒಂದೇ ಬಿಳಿ ಪಟ್ಟಿಯಾದರೆ ದಾಟಿದಿರಿ. ಅಲ್ಲಿಗೆ ನಿಲ್ಲಿಸಿ. ಆಗ ಮುಖಕ್ಕೆ ಬಂದ ಬಣ್ಣವೇ ಅವರ ಬಣ್ಣ.

ಈ ಪಕ್ಷಪಾತ ನಮ್ಮ ಊರಿನಲ್ಲೇ ಹುಟ್ಟಿದ್ದಲ್ಲ, ಸಾಮಾನಿನಲ್ಲೂ ಇತ್ತು. ಕೊಡಾಕ್ ಕಂಪನಿ 1950ರ ದಶಕದಿಂದ ಪ್ರಿಂಟಿಂಗ್ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದಕ್ಕೆ 'ಶರ್ಲಿ ಕಾರ್ಡ್' ಅಂತ ಹೆಸರು. ಚಿತ್ರದಲ್ಲಿ ಬಿಳಿಯ ಹೆಂಗಸು. ಅವಳ ಚರ್ಮ ಸರಿ ಬಂದರೆ ಮೆಷಿನ್ ಸರಿ. ಉಳಿದವರ ಬಣ್ಣ ಹೇಗೆ ಬಂತೋ ಹಾಗೆ. ಕಡು ಕಂದು ಬಣ್ಣದ ಸೂಕ್ಷ್ಮ ಫಿಲ್ಮಿನಲ್ಲಿ ಸಿಗುತ್ತಿಲ್ಲ ಅಂತ ಕಂಪನಿಗೆ ದೂರು ಕೊಟ್ಟವರಲ್ಲಿ ಚಾಕಲೇಟ್ ತಯಾರಿಸುವವರು, ಮರದ ಪೀಠೋಪಕರಣ ಮಾಡುವವರೂ ಇದ್ದರು. ಮನುಷ್ಯರ ಮುಖಕ್ಕಿಂತ ಚಾಕಲೇಟಿಗೆ ಬೇಗ ಕಿವಿಗೊಟ್ಟರು ಅಂತ ನನಗೆ ಈಗಲೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಎಲ್ಲ ಮೈಬಣ್ಣಗಳೂ ಸರಿಯಾಗಿ ಬರಲಿ ಅಂತ 'ರಿಯಲ್ ಟೋನ್' ತಂದದ್ದು 2021ರಲ್ಲಿ.

ಬಣ್ಣ ಬದಲಿಸಿದರೆ ಅರ್ಥವೇ ಬದಲಾಗುತ್ತದೆ. 1994ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಕೊಲೆ ಆರೋಪಿ, ಕಪ್ಪುವರ್ಣೀಯ ಆಟಗಾರ ಓ.ಜೆ. ಸಿಂಪ್ಸನ್‌ನ ಪೊಲೀಸ್ ಫೋಟೋವನ್ನು ಇನ್ನಷ್ಟು ಕಪ್ಪು ಮಾಡಿ ಮುಖಪುಟಕ್ಕೆ ಹಾಕಿತು. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೋವನ್ನು ಇದ್ದ ಹಾಗೆ ಹಾಕಿತ್ತು. ಎರಡೂ ಅಂಗಡಿಯಲ್ಲಿ ಪಕ್ಕಪಕ್ಕ. ದೊಡ್ಡ ಗಲಾಟೆಯಾಯಿತು. ಅಲ್ಲಿ ಕಪ್ಪು ಮಾಡಿ ಕೆಟ್ಟವನಾಗಿಸಿದರು ಅಂತ ದೂರು. ನಾವು ಬಿಳಿ ಮಾಡಿ ಒಳ್ಳೆಯವರಾಗಿಸುತ್ತೇವೆ. ಒಂದೇ ನಾಣ್ಯ.

ಈ ಊರಿನಲ್ಲಿ ಗಾಳಿ ಸ್ವಲ್ಪ ಬದಲಾಗಿದೆ ಅನ್ನುವುದಕ್ಕೆ ಕುರುಹುಗಳೂ ಇವೆ. ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆ ಮುಂಬಯಿಯದೇ. ಮೈಬಣ್ಣ ಕಪ್ಪು ಎಂಬ ಕಾರಣಕ್ಕೆ ಯಾರನ್ನೂ ಕೀಳಾಗಿ, ಸೋತವರಾಗಿ ತೋರಿಸಬಾರದು ಅಂತ 2014ರಲ್ಲೇ ನಿಯಮ ತಂದಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಅದೇ ವರ್ಷ ಜೂನ್‌ನಲ್ಲಿ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಹುಡುಕುವ ಫಿಲ್ಟರ್ ಕಿತ್ತುಹಾಕಿತು. ಫಿಲ್ಟರ್ ಅಲ್ಲಿಂದ ಹೋಯಿತು ಸರಿ, ನಮ್ಮ ಕಂಪ್ಯೂಟರ್‌ನಲ್ಲಿ ಉಳಿದಿದೆ. ಹುಡುಗಿ ನೋಡುವ ಫೋಟೋ ಅಂತ ಬಂದರೆ ಕೈ ತಾನಾಗಿ ಸ್ಲೈಡರ್ ಕಡೆ ಹೋಗುತ್ತದೆ. ಆಮೇಲೆ ಗಂಡಿನ ಕಡೆಯವರು ಮನೆಗೆ ಬಂದು ಕೂತಾಗ ಆ ಹುಡುಗಿ ಒಳಗಿನಿಂದ ಬರುತ್ತಾಳಲ್ಲ, ಅವರ ಕಣ್ಣಿನಲ್ಲಿ ಫೋಟೋಗೂ ಅವಳಿಗೂ ಅಳತೆ ನಡೆಯುತ್ತದೆ. ಆ ಕೋಣೆಯಲ್ಲಿ ನಾವು ಇರುವುದಿಲ್ಲ. ಅವಳು ಇರಬೇಕು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಇಸ್ರೇಲ್‌ನಲ್ಲಿ 2013ರಿಂದ, ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ, ನಾರ್ವೆಯಲ್ಲಿ 2022ರ ಜುಲೈನಿಂದ ಜಾಹೀರಾತಿನಲ್ಲಿ ಮೈ ಆಕಾರ ತಿದ್ದಿದರೆ ತಿದ್ದಿದ್ದೇವೆ ಅಂತ ಬರೆಯಬೇಕು. ಫ್ರಾನ್ಸಿನಲ್ಲಿ ದಂಡ 37,500 ಯೂರೋವರೆಗೆ. ಬ್ರಿಟನ್ನಿನಲ್ಲಿ 2011ರಲ್ಲಿ ನಟಿ ಜೂಲಿಯಾ ರಾಬರ್ಟ್ಸ್ ಇದ್ದ ಮೇಕಪ್ ಜಾಹೀರಾತನ್ನೇ ನಿಲ್ಲಿಸಿದರು. ಹಚ್ಚುವ ಕ್ರೀಮಿನ ಗುಣ ಎಷ್ಟು, ಕಂಪ್ಯೂಟರ್‌ನ ಗುಣ ಎಷ್ಟು ಅಂತ ಕಂಪನಿಗೆ ತೋರಿಸಿಕೊಡಲು ಆಗಲಿಲ್ಲ. ಒಳ್ಳೆಯದೇ. ಆದರೆ ಇದೆಲ್ಲ ಸಾಮಾನು ಮಾರುವ ಫೋಟೋಗೆ. ನಾಮಕರಣದ ಫೋಟೋ ಮೇಲೆ ಚೀಟಿ ಅಂಟಿಸಲು ಆಗುವುದಿಲ್ಲ. ನಮ್ಮ ಅಂಗಡಿಯೊಳಗಿನ ನಿಯಮ ನಾವೇ ಮಾಡಿಕೊಳ್ಳಬೇಕು. ಸುದ್ದಿ ಫೋಟೋದವರದು ಬೇರೆ ಲೋಕ. ಅಲ್ಲಿ ಮೊಡವೆ ತೆಗೆದರೂ ಕೆಲಸ ಹೋಗುತ್ತದೆ, ಹೋಗಬೇಕು ಕೂಡ.

ಫೋನಿನ ಬಗ್ಗೆ ಒಂದೇ ಮಾತು. ಎಷ್ಟೋ ಫೋನುಗಳಲ್ಲಿ ಮುಖವನ್ನು ತಾನೇ ತಿದ್ದುವ ಬ್ಯೂಟಿ ಮೋಡ್ ನಾವು ಹೇಳದೆಯೇ ಆನ್ ಆಗಿರುತ್ತದೆ. ಗೂಗಲ್ 2020ರಲ್ಲಿ ತನ್ನ ಫೋನುಗಳಲ್ಲಿ ಅದನ್ನು ಮೊದಲಿಂದಲೇ ಆಫ್ ಇಡುತ್ತೇವೆ ಅಂತ ಹೇಳಿತು. ಮನೆಗೆ ಹೋಗಿ ಮಕ್ಕಳ ಫೋನು ತೆಗೆದು ನೋಡಿ. ಹದಿಮೂರರ ಹುಡುಗಿ ದಿನಾ ಸೆಲ್ಫಿಯಲ್ಲಿ ಬೇರೆ ಮುಖ ನೋಡಿ, ಆಮೇಲೆ ಕನ್ನಡಿಯಲ್ಲಿ ತನ್ನ ಮುಖ ನೋಡಿ ಬೇಜಾರು ಮಾಡಿಕೊಂಡರೆ ಅದು ಅವಳ ತಪ್ಪಲ್ಲ.

ಇನ್ನು ಗೋಡೆಯ ಮೇಲಿನ ಫೋಟೋ. ತೀರಿಕೊಂಡವರದು, ಗಂಧದ ಹಾರ ಹಾಕಿ ಹಾಲ್‌ನಲ್ಲಿ ತೂಗುಹಾಕುವುದು. ಭಾಂಡುಪ್, ಡೊಂಬಿವಲಿಯ ನಮ್ಮವರ ಮನೆಗಳಲ್ಲಿ ಇದು ಇಲ್ಲದ ಗೋಡೆ ಕಡಿಮೆ. ಇಲ್ಲಿ ನಾನು ಸಡಿಲ. ಊರಿನಿಂದ ಹೋಟೆಲ್ ಕೆಲಸಕ್ಕೆ ಬಂದು ಇಲ್ಲೇ ಮುಗಿದ ಹಿರಿಯರದ್ದು ಒಂದು ಒಳ್ಳೇ ಫೋಟೋ ಕೂಡ ಇರುವುದಿಲ್ಲ. ಯಾರದೋ ಮದುವೆಯ ಗುಂಪಿನ ಫೋಟೋ, ಮೂರನೇ ಸಾಲಿನಲ್ಲಿ ಅರ್ಧ ಮುಖ. ಅಥವಾ ಆಧಾರ್ ಕಾರ್ಡ್. "ಕೋಟು ಹಾಕಿ ಕೊಡಿ" ಅಂತಾರೆ. ಹಾಕಿ ಕೊಡುತ್ತೇನೆ. ಬದುಕಿದ್ದಾಗ ಕೋಟು ಹಾಕಿರಲಿಲ್ಲ ಅಂತ ಎಲ್ಲರಿಗೂ ಗೊತ್ತು. ಅದು ಆ ನಾಥದ್ವಾರದ ಚಿತ್ರದ ಹಾಗೆಯೇ, ಮೈ ಬರೆದದ್ದು ಅಂತ ನೋಡಿದರೇ ತಿಳಿಯುತ್ತದೆ. ಹಿಂದಿನ ಪರದೆ ಬದಲಾಯಿಸುತ್ತೇನೆ, ಪಕ್ಕದವರ ಭುಜ ತೆಗೆಯುತ್ತೇನೆ, ಹರಿದದ್ದನ್ನು ಕೂಡಿಸುತ್ತೇನೆ.

ಮುಖ ಮಾತ್ರ ಎಐಗೆ ಕೊಡಬೇಡಿ. ಗುಂಪಿನ ಫೋಟೋದಲ್ಲಿ ಆ ಮುಖ ಇರುವುದೇ ಶೇಂಗಾ ಬೀಜದಷ್ಟು. ಅದರಲ್ಲಿ ಕಣ್ಣಿನ ರೆಪ್ಪೆಯ ಮಾಹಿತಿಯೇ ಇಲ್ಲ. ಎಐ ಅದನ್ನು ಎಲ್ಲಿಂದ ತರುತ್ತದೆ? ತಾನು ನೋಡಿದ ಲಕ್ಷಾಂತರ ಬೇರೆ ಮುಖಗಳಿಂದ ಊಹಿಸಿ ಬರೆಯುತ್ತದೆ. ಚಿತ್ರ ಫಳಫಳ ಹೊಳೆಯುತ್ತದೆ. ಎರಡೂ ಕಣ್ಣು ಸಮ, ಹಲ್ಲು ಸಾಲು ಸಾಲು. ನಿಜವಾದ ಅಜ್ಜನ ಎಡಗಣ್ಣು ಸ್ವಲ್ಪ ಕಿರಿದಾಗಿತ್ತು, ನಗುವಾಗ ತುಟಿ ಒಂದು ಕಡೆಗೆ ಎಳೆಯುತ್ತಿತ್ತು. ಅದೆಲ್ಲ ಸರಾಸರಿಯಲ್ಲಿ ಹೋಯಿತು. ಅಂಥದ್ದೊಂದನ್ನು ಮೊಮ್ಮಗ ಖುಷಿಯಿಂದ ತಂದು ತೋರಿಸಿದಾಗ ಅಜ್ಜಿ ಹತ್ತಿರ ಹಿಡಿದು, ದೂರ ಹಿಡಿದು, "ಚಂದ ಉಂಟು. ಯಾರಿದು?" ಅಂದರಂತೆ. ಮಸುಕಾಗಿದ್ದರೂ ಪರವಾಗಿಲ್ಲ, ಆ ಹಳೇ ಮುಖವನ್ನೇ ಚಿಕ್ಕದಾಗಿ ಪ್ರಿಂಟ್ ಮಾಡಿ. ಸುತ್ತ ಅಗಲವಾದ ಮೌಂಟ್, ಅಂದರೆ ದಪ್ಪ ಕಾಗದದ ಅಂಚು, ಹಾಕಿ ಫ್ರೇಮ್ ದೊಡ್ಡದು ಮಾಡಿ. ಗೋಡೆ ತುಂಬುತ್ತದೆ, ಮುಖವೂ ಅವರದೇ ಇರುತ್ತದೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು.

ಠಾಣೆಯ ಸ್ಟುಡಿಯೋದವರೊಬ್ಬರು ಕೇಳಿದರು: "ಗಿರಾಕಿಯೇ ಬೆಳ್ಳಗೆ ಮಾಡಿ ಅಂದ್ರೆ ಏನು ಮಾಡೋದು? ನಾನು ಇಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ."

ಹೋಗುತ್ತಾರೆ, ಸುಳ್ಳಲ್ಲ. ಆದರೆ ಹೇಳುತ್ತಿರುವವರು ಯಾರು ನೋಡಿ. ದುಡ್ಡು ಕೊಡುವ ಮಾವನೋ, ಫೋಟೋದಲ್ಲಿರುವ ಹುಡುಗಿಯೋ? ನಾನು ಎರಡು ಪ್ರಿಂಟ್ ಮಾಡಿ ಅವಳ ಕೈಗೇ ಕೊಡುತ್ತೇನೆ. ಒಂದರಲ್ಲಿ ಬೆಳಕು ಮಾತ್ರ ಸರಿ ಮಾಡಿದ್ದು, ಇನ್ನೊಂದು ಬೆಳ್ಳಗೆ ಮಾಡಿದ್ದು. ಸ್ಕ್ರೀನ್ ಮೇಲಲ್ಲ, ಕಾಗದದ ಮೇಲೆ, ಕಿಟಕಿಯ ಬೆಳಕಿನಲ್ಲಿ. ಪಕ್ಕದಲ್ಲಿ ಅವಳದೇ ಕೈ ಇರುತ್ತದೆ. ಬಹಳ ಮಂದಿ ಮೊದಲನೆಯದನ್ನೇ ಆರಿಸುತ್ತಾರೆ. ಅಷ್ಟಾದ ಮೇಲೂ ಅವಳಿಗೇ ಎರಡನೆಯದು ಬೇಕು ಅಂದರೆ ಕೊಡುತ್ತೇನೆ, ಮುಖದ ಜೊತೆ ಕೈ, ಕತ್ತು ಕೂಡ ಹೊಂದಿಸಿ. ನನಗೆ ಇಷ್ಟ ಇಲ್ಲ ಅಂತಲೂ ಹೇಳುತ್ತೇನೆ. ಮಾವನಿಗೆ ಬೇಕು ಅಂದರೆ ಕೊಡುವುದಿಲ್ಲ. ಹಾಗೆ ಹೋದ ಕೆಲಸಗಳೂ ಇವೆ.

ಒಬ್ಬ ಅಕ್ಕ ಕೇಳಿದರು: "ಬಿಳಿ ಕೂದಲು ಕಪ್ಪು ಮಾಡಿಸಿದ್ರೆ ತಪ್ಪಾ?"

ಡೈ ಹಚ್ಚಿಕೊಂಡು ಬಂದರೆ ನಾನು ಕೇಳುತ್ತೇನಾ ಅಕ್ಕಾ? ಇಲ್ಲ. ನೀವೇ ಹೇಳಿದರೆ ಮಾಡಿಕೊಡುತ್ತೇನೆ. ಬುಡದಲ್ಲಿ ಬಿಳಿ ಇಣುಕಿದ್ದನ್ನು ಮುಚ್ಚುವುದು ಪಾರ್ಲರ್ ಕೆಲಸದಷ್ಟೇ. ನೀವು ಹೇಳದೆ ನಾನಾಗಿ ಮಾಡಿದರೆ ಬಂದು ಬೈಯಿರಿ.

ಕಲಿಯುತ್ತಿರುವ ಹುಡುಗನೊಬ್ಬ: "ಮೊದಲೇ ಎಲ್ಲ ಕೇಳುತ್ತಾ ಕೂತರೆ ಹೊತ್ತು ಹೋಗಲ್ವಾ ಸರ್?"

ಬುಕಿಂಗ್ ಬರೆಯುವಾಗಲೇ ಕೇಳಿಬಿಡು. ನಮ್ಮ ಬಿಲ್ ಪುಸ್ತಕದಲ್ಲಿ ಎರಡು ಸಾಲು ಅಚ್ಚು ಹಾಕಿಸಿದ್ದೇವೆ. ಮಚ್ಚೆ, ಗಾಯದ ಗುರುತು ಇರಲಿಯೋ ಬೇಡವೋ. ಮೈಬಣ್ಣ ಇದ್ದ ಹಾಗೆ ಇರುತ್ತದೆ. ಎರಡನೆಯದು ಪ್ರಶ್ನೆಯಲ್ಲ, ಹೇಳಿಕೆ. ಓದಿ ಸಹಿ ಹಾಕುತ್ತಾರೆ. ಒಂದು ನಿಮಿಷದ ಕೆಲಸ. ಆಲ್ಬಂ ಆದ ಮೇಲೆ ತಿದ್ದು ಅಂದರೆ ಒಂದು ವಾರ ಹೋಗುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ: "ಮಗನಿಗೆ ಅಮೆರಿಕದ ವೀಸಾ. ಮುಖದ ತುಂಬ ಮೊಡವೆ. ತೆಗೆಸಬಹುದಾ?"

ಬೇಡ. ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಅಲ್ಲಿ ನಡೆಯುವುದಿಲ್ಲ. ಚಹರೆ ಬದಲಾಗುವ ಹಾಗೆ ಕಂಪ್ಯೂಟರ್‌ನಲ್ಲಿ ಏನೂ ತಿದ್ದಬಾರದು ಅಂತ ಅವರ ನಿಯಮದಲ್ಲೇ ಇದೆ. ಫೋಟೋ ಆರು ತಿಂಗಳ ಒಳಗಿನದ್ದಾಗಿರಬೇಕು. 2016ರ ನವೆಂಬರ್‌ನಿಂದ ಕನ್ನಡಕವನ್ನೂ ತೆಗೆದೇ ಕೂರಬೇಕು. ಮುಂಬಯಿಯ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟ್ ಕಿಟಕಿಯ ಹಿಂದೆ ಕೂತವರು ಫೋಟೋ ನೋಡುತ್ತಾರೆ, ನಿಮ್ಮ ಮಗನನ್ನು ನೋಡುತ್ತಾರೆ. ಎರಡಕ್ಕೂ ಮೊಡವೆ ಇದ್ದರೆ ಒಳ್ಳೆಯದು. ಹಣೆ ಮಿಂಚಿದರೆ ಕರ್ಚೀಫಿನಿಂದ ಒರೆಸಿ ಇನ್ನೊಂದು ತೆಗೆಸಿ, ಅದಕ್ಕೆ ಯಾವ ಸ್ಟುಡಿಯೋದವರೂ ದುಡ್ಡು ಕೇಳುವುದಿಲ್ಲ.